ಸೀಟಿನಡಿಯ ಘಾಟು

ಇವತ್ತು ಬೆಳಿಗ್ಗೆ ಬಂಕಿನಲ್ಲಿ ನಿಂತಿದ್ದಾಗ ಪೈಪಿನ ತುದಿಯಿಂದ ನಾಲ್ಕು ಹನಿ ಪೆಟ್ರೋಲ್ ನೆಲಕ್ಕೆ ಬಿತ್ತು. ಅಷ್ಟಕ್ಕೇ ನನ್ನ ದವಡೆ ಬಿಗಿಯಿತು. ಪೆಟ್ರೋಲ್ ವಾಸನೆ ಇಷ್ಟಪಡುವವರಿದ್ದಾರೆ. ಚಿಕ್ಕಂದಿನಲ್ಲಿ ನಾನೂ ಅವರಲ್ಲೊಬ್ಬಳು. ಈಗ ಅದು ಮೂಗಿಗೆ ಬಡಿದರೆ ಯಾರಿಗಾದರೂ ಬೈಯಬೇಕೆನಿಸುತ್ತದೆ. ಯಾರಿಗೆ ಎಂದು ಕೇಳುತ್ತೀರಾ? ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮದು ಹಳೆಯ ಪುಟ್ಟ ಕಾರು. ಸರಸ್ವತಿಪುರಂನಲ್ಲಿ ಗಣಿತದ ಟ್ಯೂಷನ್ ನಡೆಸುವ ನನಗೂ ಅದಕ್ಕೂ ಸ್ವಭಾವದಲ್ಲಿ ಸಾಮ್ಯವಿದೆಯೆಂದು ಗೆಳತಿಯರು ನಗುತ್ತಾರೆ: ಬಿಸಿಯಾಗುವುದು ನಿಧಾನ, ಆದಮೇಲೆ ತಣ್ಣಗಾಗುವುದು ಇನ್ನೂ ನಿಧಾನ. ಮೂರು ವರ್ಷದ ಹಿಂದೆ ಅದರ ಎಂಜಿನ್ ಕೈಕೊಟ್ಟಿತು. ಬೇರೆ ಕಾರು ಕೊಳ್ಳಬಹುದಿತ್ತು. ಆದರೆ ಅಮ್ಮನಿಗೆ ವಾರಕ್ಕೆರಡು ದಿನ ಡಯಾಲಿಸಿಸ್. ಆ ಕಾರಿನ ಹಿಂದಿನ ಸೀಟು ಅವಳ ಮಂಡಿನೋವಿಗೆ ಒಗ್ಗಿಹೋಗಿತ್ತು; ಆಸ್ಪತ್ರೆಯಿಂದ ಬರುವಾಗ ಕಾಲು ಮಡಚಿ ಅಲ್ಲೇ ಮಲಗಿಬಿಡುತ್ತಿದ್ದಳು. ಹಾಗಾಗಿ, ಜಖಂ ಆದ ಇನ್ನೊಂದು ಕಾರಿನ ಎಂಜಿನ್ ತಂದು ಕೂರಿಸೋಣವೆಂದು ವರ್ಕ್‌ಶಾಪಿನ ಮಾಲೀಕ ಹೇಳಿದಾಗ ಒಪ್ಪಿದೆ. ನಮ್ಮ ಹಳೆಯ ಎಂಜಿನ್ ಪೆಟ್ರೋಲನ್ನು ಗಾಳಿಯೊಡನೆ ಮೆಲ್ಲಗೆ ಹೀರಿಕೊಳ್ಳುವ ಕಾರ್ಬೊರೇಟರ್ ಕಾಲದ್ದು. ಬಂದದ್ದು ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಆಮೇಲಿನ ಬಗೆಯದು. ಅದಕ್ಕೆಂದು ಟ್ಯಾಂಕ್ ಇಳಿಸಿ, ಒಳಗೆ ಜೋರಾದ ಪಂಪೊಂದನ್ನೂ ಹಾಕಿದರು.

ಕಾರು ಮನೆಗೆ ಬಂದ ವಾರದಲ್ಲೇ ಹೊಗೆ ಕಪ್ಪಾಯಿತು, ಜೊತೆಗೆ ಪೆಟ್ರೋಲ್ ವಾಸನೆ. ಹೋಗಿ ಹೇಳಿದೆ. ಮಾಲೀಕ ಬಾನೆಟ್ಟನ್ನೂ ಎತ್ತಲಿಲ್ಲ.

“ಪೆಟ್ರೋಲ್ ಗಾಡೀಲಿ ಪೆಟ್ರೋಲ್ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬರುತ್ತಾ ಮೇಡಂ? ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಕಳ್ಸಿ, ಅವ್ರಿಗೆ ಅರ್ಥ ಮಾಡಿಸ್ತೀನಿ.”

ಅಲ್ಲಿ ಕೂತಿದ್ದವರೆಲ್ಲ ನಕ್ಕರು. ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ‘ಉತ್ತರ ಸಾಲದು, ಬಂದ ದಾರಿ ತೋರಿಸಿ’ ಎಂದು ಗದರುವವಳು ನಾನು. ಅವನನ್ನೂ ಹಾಗೆಯೇ ಕೇಳಬೇಕಿತ್ತು. ಕೇಳಲಿಲ್ಲ. ಹಲ್ಲು ಕಚ್ಚಿಕೊಂಡು ಕಾರು ಹತ್ತಿ, ಮನೆ ತಲುಪುವವರೆಗೂ ಹಾರನ್ ಬಡಿದೆ. ದಾರಿಯ ಆಟೋದವರು ನನಗೇನು ಮಾಡಿದ್ದರೋ ಪಾಪ!

ಅದೇ ತಿಂಗಳು ಅಮ್ಮನಿಗೆ ವಾಂತಿ ಶುರುವಾಯಿತು. ಹೋಗುವಾಗಲೂ, ಬರುವಾಗಲೂ. ಡಾಕ್ಟರು ಮಾತ್ರೆ ಬದಲಾಯಿಸಿದರು. ಅಮ್ಮ ಹೊಲದಲ್ಲಿ ದುಡಿದೇ ಬೆಳೆದವಳು, ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಅವಳು ಟವಲಿನಲ್ಲಿ ಸೀಟು ಒರೆಸುತ್ತ, “ನಿನ್ ಗಾಡೀನೆಲ್ಲ ಗಲೀಜ್ ಮಾಡ್ಬುಟ್ಟೆ ಕಣವ್ವ” ಎನ್ನುತ್ತಿದ್ದಳು. ಒಂದು ದಿನ ಮೆಲ್ಲಗೆ, “ಈ ಸೀಟಿನಡೀಲಿ ಏನೋ ಘಾಟು ಕಣವ್ವ, ತಲೆ ಸುತ್ತುತದೆ” ಎಂದಳು.

ನಾನು ಏನೆಂದೆ ಗೊತ್ತೇ? “ಪೆಟ್ರೋಲ್ ಗಾಡೀಲಿ ವಾಸ್ನೆ ಇದ್ದೇ ಇರುತ್ತೆ. ನಿಂಗೆ ಕಾಯಿಲೆ ಅಲ್ವಾ, ಅದಕ್ಕೆ ಜಾಸ್ತಿ ಅನ್ಸುತ್ತೆ. ಸುಮ್ನೆ ಮಲ್ಕೋಮ್ಮ.”

ಅವಳು ಮತ್ತೆ ಆ ಮಾತೆತ್ತಲಿಲ್ಲ. ಆಸ್ಪತ್ರೆಯ ದಿನ ಬೆಳಿಗ್ಗೆ ತಿಂಡಿ ತಿನ್ನುವುದನ್ನು ಬಿಟ್ಟಳು, ಅಷ್ಟೆ.

ಅರುಳಪ್ಪನವರ ಪರಿಚಯವಾದದ್ದು ಆಸ್ಪತ್ರೆಯಲ್ಲಿ. ಅವರ ಹೆಂಡತಿಗೂ ಅದೇ ದಿನಗಳಲ್ಲಿ ಡಯಾಲಿಸಿಸ್. ಯಾದವಗಿರಿಯ ಕಡೆಯವರು, ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದು, ಈಗ ಭಾನುವಾರ ಚರ್ಚಿನಲ್ಲಿ ಹಾಡುವುದೊಂದೇ ಕೆಲಸ ಎಂದು ನಗುತ್ತಿದ್ದರು. ಒಂದು ಮಧ್ಯಾಹ್ನ ಅಮ್ಮನನ್ನು ಕಾರಿಗೆ ಹತ್ತಿಸಲು ಕೈನೀಡಿದವರು, ಬಾಗಿಲು ತೆಗೆದೊಡನೆ ಹಾಗೇ ನಿಂತರು.

“ಇದ್ರಲ್ಲಿ ಇವ್ರನ್ನ ಕೂರಿಸ್ತಿದ್ದೀಯೇನಮ್ಮ? ಒಂದ್ ಕಿಡಿ ಸಾಕು. ಆಟೋ ಕರಿ.”

ಮರುದಿನ ಕಾರನ್ನು ಆಸ್ಪತ್ರೆಯ ಹಿಂದಿನ ಬಯಲಿಗೆ ತಳ್ಳಿ, ಬಾಗಿಲೆಲ್ಲ ತೆರೆದಿಟ್ಟು, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ಕೆಲಸಕ್ಕಿಳಿದರು. ಹಿಂದಿನ ಸೀಟು ಎತ್ತಿದರೆ, ಅಮ್ಮ ತಲೆಯಿಡುತ್ತಿದ್ದ ಜಾಗದ ಕೆಳಗೇ ಪೈಪಿನ ಜೋಡಣೆ ಪೆಟ್ರೋಲಿನಿಂದ ಒದ್ದೆಯಾಗಿತ್ತು. ಅದನ್ನು ಬಿಗಿದು, ಒರೆಸಿ, ಆರಿದ ಮೇಲೆ ಎಂಜಿನ್ನಿಗೆ ಹೋಗುವ ಪೈಪಿಗೆ ಒತ್ತಡ ಅಳೆಯುವ ಗೇಜ್ ಕಟ್ಟಿದರು. ಕಾರು ಶುರುಮಾಡಿದೆ. ಮುಳ್ಳು ಆರು ಮುಟ್ಟಿತು.

“ಮೂರಕ್ಕೆ ನಿಲ್ಬೇಕು ಇದು,” ಎಂದರು. “ಪಂಪು ಜಾಸ್ತೀನೇ ತಳ್ಳುತ್ತೆ. ಮಿಕ್ಕಿದ್ದನ್ನ ರೆಗ್ಯುಲೇಟರ್ ವಾಪಸ್ ಟ್ಯಾಂಕಿಗೆ ಬಿಡ್ಬೇಕು. ರೆಗ್ಯುಲೇಟರ್ದು ತಪ್ಪೋ, ವಾಪಸ್ ಹೋಗೋ ದಾರೀದು ತಪ್ಪೋ, ಈಗ ಕೇಳೋಣ.”

ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ವಾಪಸ್ ಹೋಗುವ ಪೈಪನ್ನು ಬಿಚ್ಚಿದರು. ಅದರ ಬದಲಿಗೆ ಬೇರೊಂದು ಪೈಪು ಸಿಕ್ಕಿಸಿ ಕ್ಯಾನಿಗೆ ಬಿಟ್ಟರು. ಮತ್ತೆ ಶುರುಮಾಡಿದೆ. ಮುಳ್ಳು ಮೂರಕ್ಕೆ ಬಂದು ನಿಂತಿತು. ರೆಗ್ಯುಲೇಟರ್ ನಿರಪರಾಧಿ. ಕಾರಿನಡಿ ಮಲಗಿ, ಹಳೆಯ ಪೈಪಿನುದ್ದಕ್ಕೂ ಬೆರಳಾಡಿಸುತ್ತ ಹೋದವರು ಟ್ಯಾಂಕಿನ ಹತ್ತಿರ ಕೈ ನಿಲ್ಲಿಸಿದರು. ರಬ್ಬರಿನೊಳಗಿಂದ ಒಂದು ಬೋಲ್ಟು ಹೊರಬಂತು.

“ಟ್ಯಾಂಕ್ ಇಳ್ಸೋವಾಗ ಪೆಟ್ರೋಲ್ ಸುರೀಬಾರ್ದು ಅಂತ ತುರುಕವ್ರೆ. ತೆಗಿಯೋದು ಮರ್ತವ್ರೆ. ವಾಪಸ್ ದಾರಿ ಮುಚ್ಚಿದ್ಕೇ ಒತ್ತಡ ಏರಿ ಜೋಡಣೆ ಸೋರಿದ್ದು, ಹೊಗೆ ಕಪ್ಪಾಗಿದ್ದು.”

ಆ ಬೋಲ್ಟನ್ನು ಹಿಡಿದು ಸೀದಾ ವರ್ಕ್‌ಶಾಪಿಗೆ ಹೋಗಿ ಮಾಲೀಕನ ಟೇಬಲ್ಲಿನ ಮೇಲೆ ಕುಕ್ಕಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಅದನ್ನು ಎತ್ತಿ ನೋಡಿ ನಕ್ಕ. “ಮನುಷ್ಯ ಅಂದ್ಮೇಲೆ ಮರೀತಾನೆ ಬಿಡಿ ಮೇಡಂ. ಒಂದ್ ಬೋಲ್ಟಿಗೆ ಇಷ್ಟ್ ಕೋಪಾನಾ?”

“ಮರ್ತಿದ್ದಕ್ಕಲ್ಲ ಕಣ್ರೀ!” ನನ್ನ ಕೂಗಿಗೆ ಹೊರಗಿನ ಸುತ್ತಿಗೆ ಸದ್ದೂ ನಿಂತಿತು. “ಆ ಘಾಟು ಕುಡ್ದೋರೇ ಬಂದು ಹೇಳ್ದಾಗ ನಂಬ್ಲಿಲ್ಲವಲ್ಲ, ಅದಕ್ಕೆ! ಒಂದ್ಸಲ ಬಗ್ಗಿ ನೋಡ್ಲಿಲ್ಲವಲ್ಲ, ಅದಕ್ಕೆ!”

ಇನ್ನೂ ಬೈಯುವುದಿತ್ತು. ಆದರೆ ಆ ಮಾತು ನನ್ನ ಕಿವಿಗೂ ಬಿತ್ತು; ಬೋಲ್ಟನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಹಿಂದಿನ ಸೀಟಿನ ಕಡೆ ನಾನಾದರೂ ಯಾವತ್ತು ಬಗ್ಗಿ ನೋಡಿದ್ದೆ? ಅವನು ನನಗಂದದ್ದನ್ನು ನಾನು ಅಮ್ಮನಿಗೆ ಅಂದಿದ್ದೆ, ಹೆಚ್ಚುಕಡಿಮೆ ಅವೇ ಪದಗಳಲ್ಲಿ. ಮನೆಗೆ ಬಂದು ಅವಳಿಗೆ ಎಲ್ಲವನ್ನೂ ಹೇಳಿದೆ.

“ಅಂಗಾದ್ರೆ ತಪ್ಪು ನನ್ ಹೊಟ್ಟೇದಲ್ಲ ಅನ್ನು?”

“ಅಲ್ಲಮ್ಮ.”

“ಎರಡು ಇಡ್ಲಿ ಕೊಡು ಮತ್ತೆ.”

‘ನಾನ್ ಹೇಳ್ನಿಲ್ವಾ’ ಎಂದು ಒಮ್ಮೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಆ ಸಿಟ್ಟು ಇನ್ನೂ ನನ್ನಲ್ಲಿದೆ. ಅರ್ಧ ಅವನ ಮೇಲೆ, ಅರ್ಧ ನನ್ನ ಮೇಲೆ.

ಈಗ ಅಮ್ಮ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಇವತ್ತು ಡಯಾಲಿಸಿಸ್ ಮುಗಿಸಿ ಬರುವಾಗ ಕಣ್ಣು ಮುಚ್ಚಿಕೊಂಡೇ, “ತಿರುಗ್ಸಿದಾಗ ಈ ಕಡೆ ಚಕ್ರದಲ್ಲಿ ಏನೋ ಕಟಕಟ ಅಂತದೆ ಕಣವ್ವ” ಎಂದಳು. ನನಗೇನೂ ಕೇಳಿಸಿರಲಿಲ್ಲ. ಟ್ಯೂಷನ್ನಿಗೆ ಆಗಲೇ ಹೊತ್ತಾಗಿತ್ತು. ಕಾರನ್ನು ಬದಿಗೆ ನಿಲ್ಲಿಸಿ, ಇಳಿದು, ಸೀರೆ ಎತ್ತಿ ಕಟ್ಟಿಕೊಂಡು ರಸ್ತೆಯ ಮೇಲೆ ಮಂಡಿಯೂರಿದೆ.

“ಯಾವ ಕಡೆಮ್ಮ? ಇನ್ನೊಂದ್ಸಲ ಹೇಳು.”