ಮೇಣದಲ್ಲಿಟ್ಟ ತುಂಡು

ನನಗೆ ಚಿಕ್ಕಂದಿನಿಂದ ಆಸ್ತಮಾ. ಶುರುವಾದರೆ ಮಲಗಲಾಗುತ್ತಿರಲಿಲ್ಲ, ದಿಂಬಿಗೆ ಒರಗಿ ಕೂತರೆ ದಿಂಬು ಜಾರುತ್ತಿತ್ತು. ಅದಕ್ಕೆ ಅಮ್ಮ ಕಂಡುಕೊಂಡ ಉಪಾಯವೆಂದರೆ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತುಬಿಡುವುದು. ಹಾಗೆ ಕೂತೇ ಅವರೆಕಾಯಿ ಸುಲಿಯುತ್ತಿದ್ದಳು, ಹೂ ಕಟ್ಟುತ್ತಿದ್ದಳು. ನನ್ನ ಮುಖ ನೋಡದೆಯೇ, ಈಗ ಸ್ವಲ್ಪ ಬಿಟ್ಟಿದೆ ಎಂದು ಹೇಳುತ್ತಿದ್ದಳು. ನನ್ನ ಎದೆಯ ಸಿಳ್ಳೆ ಅವಳ ಬೆನ್ನಿಗೆ ತಿಳಿಯುತ್ತಿತ್ತು. ಈಗ ನನಗೆ ನಲವತ್ತು ದಾಟಿದೆ, ಪರ್ಸಿನಲ್ಲಿ ಇನ್‌ಹೇಲರ್ ಇರುತ್ತದೆ. ಆದರೂ ನಾನು ಕೆಮ್ಮಿದರೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತದೆ.

ಹೆಬ್ಬಾಳದ ಹತ್ತಿರ ಒಂದು ಸಂಶೋಧನಾ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಆಸ್ತಮಾದವಳಿಗೆ ಆಸ್ತಮಾದ ಕೆಲಸವೇ ಸಿಕ್ಕಿತು ನೋಡಿ ಎಂದು ನೆಂಟರು ನಗುತ್ತಾರೆ. ಅವರಿಗೆ ನಗಲು ಏನಾದರೊಂದು ಬೇಕು. ಈ ಕಾಯಿಲೆ ಇರುವ ಅನೇಕರ ಮೂಗು, ಉಸಿರುನಾಳಗಳ ಒಳಪದರದ ಕೆಳಗೆ ಒಂದು ಪ್ರೋಟೀನ್ ಹೆಚ್ಚಾಗಿ ಸೇರಿಕೊಂಡಿರುತ್ತದೆ. ಬರಿಗಣ್ಣಿನ ಮಾತು ಬಿಡಿ, ಮೈಕ್ರೋಸ್ಕೋಪಿನಲ್ಲೂ ಅದು ತಾನಾಗಿ ಕಾಣುವುದಿಲ್ಲ. ಹುಡುಕಲು ಆ್ಯಂಟಿಬಾಡಿ ಬೇಕು. ಮೊಲದ ಮೈಯಲ್ಲಿ ಹುಟ್ಟಿದ್ದನ್ನು ಶುದ್ಧ ಮಾಡಿ, ಕಿರುಬೆರಳಿಗಿಂತ ಚಿಕ್ಕ ಸೀಸೆಯಲ್ಲಿ, ಐಸಿನ ನಡುವೆ ಇಟ್ಟು ಕಳಿಸುತ್ತಾರೆ. ಒಂದೇ ಮನೆ ಗೊತ್ತಿರುವ ಹಾಲಿನವನ ಹಾಗೆ ಅದು ಆ ಒಂದು ಪ್ರೋಟೀನನ್ನೇ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಬಣ್ಣ ಹಾಕಿದರೆ ಅಂಟಿದ ಕಡೆಯೆಲ್ಲ ಕಂದು, ಉಳಿದದ್ದು ತಿಳಿನೀಲಿ.

ಆದರೆ ಹೊಸ ಸೀಸೆ ಬಂದ ತಕ್ಷಣ ಅದನ್ನು ನಂಬುವಂತಿಲ್ಲ. ಪ್ರೋಟೀನ್ ಇದ್ದೇ ಇದೆ ಎಂದು ಮೊದಲೇ ಗೊತ್ತಿರುವ ಒಂದು ತುಂಡಿನ ಮೇಲೆ ಹಾಕಿ ನೋಡಬೇಕು. ಅದಕ್ಕೆ ನಾವು ಕಂಟ್ರೋಲ್ ಎನ್ನುತ್ತೇವೆ. ನಮ್ಮಲ್ಲಿದ್ದ ಕಂಟ್ರೋಲ್ ಯಾರದೋ ಮೂಗಿನಿಂದ ತೆಗೆದ ದುರ್ಮಾಂಸ, ಮೇಣದ ಅಚ್ಚಿನಲ್ಲಿ ಕೂರಿಸಿದ್ದು. ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದೂ ಹೆರೆದೂ ಕೊನೆಗೆ ಬರೀ ಮೇಣ ಉಳಿದಿತ್ತು. ಹೊಸ ಸೀಸೆ ಫ್ರೀಜರಿನಲ್ಲಿ ಸುಮ್ಮನೆ ಕಾಯುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ನನ್ನ ಮೂಗಿನಲ್ಲೂ ದುರ್ಮಾಂಸ ಬೆಳೆದು, ವಾಸನೆಯೇ ಹೊರಟುಹೋಗಿ, ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ನಾನು ಹೋಗಿದ್ದು ನಮ್ಮ ಲ್ಯಾಬಿಗೆ ತುಂಡುಗಳನ್ನು ಕಳಿಸುವ ಆಸ್ಪತ್ರೆಗೇ. ತೆಗೆದದ್ದನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಡಾಕ್ಟರು ಕೇಳಿದರು.

ಅಮ್ಮನಿಗೆ ತಮಾಷೆಯಾಗಿಯೇ ಹೇಳಿದೆ, ನಾನು ರಜ ಹಾಕಿ ಮನೆಯಲ್ಲಿರುವಾಗ ನನ್ನದೊಂದು ತುಂಡು ಡ್ಯೂಟಿಗೆ ಹೋಗಿರುತ್ತದೆ ಎಂದು. ಅವಳು ನಗಲಿಲ್ಲ.

"ಕೆಲ್ಸ ಆದ್ಮೇಲೆ ಇಸ್ಕೊಂಡ್ ಬಾ. ಊತಾಕ್ತೀನಿ."

ನಮ್ಮದು ಅಲ್ಲಾಳಸಂದ್ರದ ಹಳೇ ಮನೆತನ. ಮೈಯಿಂದ ಬೇರೆಯಾದದ್ದನ್ನು ನಮ್ಮಲ್ಲಿ ಕಂಡಕಂಡಲ್ಲಿ ಎಸೆಯುವುದಿಲ್ಲ. ಮಗುವಿನ ಹೊಕ್ಕುಳಬಳ್ಳಿ ಉದುರಿದರೆ ಅದನ್ನೂ ನಮ್ಮದೇ ಮಣ್ಣಿನಲ್ಲಿ ಹೂಳುತ್ತಾರೆ. ನನ್ನದನ್ನು ಹೂತದ್ದು ಕೆರೆ ಕಡೆಯ ಜಾಗದಲ್ಲಿ, ತೆಂಗಿನ ಬುಡಕ್ಕೆ. ಈಗ ಅಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇದೆ. ಆ ಕಡೆ ಹೋದಾಗಲೆಲ್ಲ ಅಮ್ಮ ಗೇಟಿನ ಹತ್ತಿರ ನಿಲ್ಲುತ್ತಾಳೆ, ವಾಚ್‌ಮನ್ ಬಂದು ಏನು ಬೇಕು ಎಂದು ಕೇಳುವವರೆಗೂ.

ವಾಪಸ್ ಕೊಡುವುದಿಲ್ಲಮ್ಮ ಎಂದೆ. ಹೆಸರು ಆಸ್ಪತ್ರೆಯಲ್ಲೇ ಉಳಿಯುತ್ತದೆ, ಲ್ಯಾಬಿಗೆ ಬರುವುದು ಬರೀ ನಂಬರು, ಯಾವುದು ನನ್ನದೆಂದು ನನಗೂ ತಿಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ.

"ಅಂಗಾದ್ರೆ ಅದನ್ನ ನೋಡ್ಕೊಳೋರು ಯಾರು?"

ಲ್ಯಾಬಿನಲ್ಲಿ ಅಚ್ಚುಗಳನ್ನಿಡುವ ಡ್ರಾಯರ್ ಎನ್ನಬಹುದಿತ್ತು. ನನ್ನ ನಾಲಿಗೆ ಅಂಥದ್ದಕ್ಕೆಲ್ಲ ಮುಂದು, ಆದರೂ ಆ ಹೊತ್ತು ತಡೆದುಕೊಂಡೆ. ಒಪ್ಪಿಗೆ ಪತ್ರಕ್ಕೆ ಸಹಿಯನ್ನಂತೂ ಹಾಕಿದೆ. ಬೆನ್ನು ಕೊಟ್ಟು ಉಳಿಸಿಕೊಂಡವಳಿಗೆ ಎದುರಾಡಿ ಕೊಟ್ಟೆನಲ್ಲ ಎಂದು ಆಮೇಲೂ ಅಂದುಕೊಳ್ಳುತ್ತಲೇ ಇದ್ದೆ. ಅಮ್ಮ ಮಾತು ಬಿಡಲಿಲ್ಲ, ಮಾತಾಡದಿದ್ದರೆ ಅವಳಿಗೇ ಉಸಿರು ಕಟ್ಟುತ್ತದೆ. ಆದರೆ ಆ ವಿಷಯ ಬಂದರೆ ಸಾಕು, ತಟ್ಟೆ ತೊಳೆಯಬೇಕೆಂದು ಎದ್ದು ಹೋಗುತ್ತಿದ್ದಳು. ಆಪರೇಷನ್ ಆಗಿ ನನಗೆ ಮತ್ತೆ ಒಗ್ಗರಣೆಯ ಘಮ ಬಂದ ದಿನ ಖುಷಿಯಲ್ಲಿ ಇಬ್ಬರೂ ಅತ್ತೆವು. ಮಾರನೇ ದಿನದಿಂದ ಅವಳೇ ತುಂಡಿನ ಮಾತೆತ್ತತೊಡಗಿದಳು. ನಾನು ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ, ಸಂಜೆ ಚಪ್ಪಲಿ ಬಿಡುವುದರೊಳಗೆ, ಅದು ಸಿಕ್ತಾ ಎಂದು ಕೇಳುತ್ತಿದ್ದಳು. ಹೆತ್ತವಳ ಮುಂದೆ ದಿನಾ ಇಲ್ಲ ಎನ್ನುವುದು ಸುಲಭವಲ್ಲ.

ಅಷ್ಟರಲ್ಲಿ ಹೊಸ ಅಚ್ಚುಗಳು ಬಂದವು. ಕಂಡರೆ ಗುರುತು ಹಿಡಿದೇನು ಎಂಬ ಹುಚ್ಚು ಆಸೆ ನನಗೂ ಇತ್ತು. ಎಲ್ಲ ಒಂದೇ ತರ, ಬಿಳಿ ಮೇಣದೊಳಗೆ ಹುಣಸೆ ಬೀಜದಷ್ಟು ಮಾಸಲು ಚೂರು. ಅವುಗಳಲ್ಲಿ ನನ್ನದು ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಎಲ್ಲವನ್ನೂ ಹೆರೆದು ಹೊಸ ಸೀಸೆಯ ಹನಿ ಹಾಕಿದೆವು. ಹೋಲಿಸಿ ನೋಡಲೆಂದು ಆ್ಯಂಟಿಬಾಡಿ ಹಾಕದೆ ಬಿಟ್ಟ ಗಾಜಿನ ಸ್ಲೈಡುಗಳು ಏನೂ ಆಗಿಲ್ಲವೆಂಬಂತೆ ನೀಲಿಯಾಗಿದ್ದವು. ಹಾಕಿದವುಗಳಲ್ಲಿ ಒಂದರಲ್ಲಿ ಮಾತ್ರ ಒಳಪದರದ ಉದ್ದಕ್ಕೂ ದಟ್ಟ ಕಂದು ಪಟ್ಟಿ ಎದ್ದು ಬಂತು. ಹಳೇ ಸೀಸೆಯ ತಳದಲ್ಲಿ ಉಳಿದಿದ್ದ ಹನಿಗೂ ಅದೇ ತುಂಡು ಹಾಗೇ ಕಂದಾಯಿತು. ಹೊಸ ಸೀಸೆ ಪಾಸಾಯಿತು, ಮುಂದಿನ ಕಂಟ್ರೋಲ್ ಸಿಕ್ಕಿತು ಎಂದು ಎಲ್ಲರಿಗೂ ಸಂತೋಷ. ನನಗೆ ಒಳಗೊಳಗೇ ಅದು ನನ್ನದಾಗಿರಲಿ ಎನ್ನಿಸಿತು. ಕಾಯಿಲೆಯಲ್ಲೂ ಮೊದಲ ರ‍್ಯಾಂಕ್ ಬೇಕೆನ್ನುವ ಬುದ್ಧಿಗೆ ಏನು ಹೇಳುವುದು.

ನಮ್ಮಲ್ಲಿ ವರ್ಷಕ್ಕೊಮ್ಮೆ ಮನೆಯವರನ್ನು ಕರೆದು ಲ್ಯಾಬ್ ತೋರಿಸುತ್ತಾರೆ. ಆ ಸಲ ಅಮ್ಮ ತಾನಾಗಿಯೇ ಬರ್ತೀನಿ ಎಂದಳು. ರೇಷ್ಮೆ ಸೀರೆ ಉಟ್ಟು ಹೊರಟವಳನ್ನು ನೋಡಿ ಇವಳು ಅಲ್ಲೇ ಎಲ್ಲರ ಮುಂದೆ ತುಂಡು ಕೇಳುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ತೋರಿಸಲೆಂದು ಇಟ್ಟಿದ್ದು ಅದೇ ಕಂದು ಪಟ್ಟಿಯ ಸ್ಲೈಡು. ಕಂದು ಇರುವ ಕಡೆಯೆಲ್ಲ ಆಸ್ತಮಾದ ಗುರುತು ಎಂದು ವಿವರಿಸಿ, ಅವಳನ್ನು ಮೈಕ್ರೋಸ್ಕೋಪಿನ ಮುಂದೆ ಸ್ಟೂಲಿನಲ್ಲಿ ಕೂರಿಸಿದೆ.

"ಇದು ನೀನಾ?"

ಗೊತ್ತಿಲ್ಲಮ್ಮ, ಇದ್ದರೂ ಇರಬಹುದು ಎಂದೆ. ಅವಳು ಕಣ್ಣು ತೆಗೆಯಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಕಾಲು ಬದಲಾಯಿಸತೊಡಗಿದರು. ಸಾಕು ಏಳಮ್ಮ ಎಂದು ಭುಜ ಮುಟ್ಟಿದೆ.

"ಪಾಪ, ಎಷ್ಟೊಂದ್ ಐತೆ ನೋಡು," ಎಂದಳು. "ಯಾರ್ ಮಗಾನೋ ಏನೋ. ಇದುಕ್ಕೆ ಬೆನ್ ಕೊಡಾಕೆ ಯಾರಾದ್ರೂ ಇದ್ರೋ ಇಲ್ವೋ."

ನನಗೆ ಅಲ್ಲೇ ಅಳು ಬಂತು. ಹಿಂದಿದ್ದವರು ಏನಾಯಿತೆಂದು ಕೇಳಿದರು, ಕೆಮಿಕಲ್ ಘಾಟು ಎಂದೆ.

ಅಂದಿನಿಂದ ಅಮ್ಮ ನನ್ನ ತುಂಡನ್ನು ಕೇಳಿಲ್ಲ. ಸಂಜೆ ನಾನು ಚಪ್ಪಲಿ ಬಿಡುವಾಗ ಈಗ ಕೇಳುವುದು, ಎಲ್ಲಾ ಚೆನ್ನಾಗವಾ ಎಂದು. ಚೆನ್ನಾಗಿವೆ ಎನ್ನುತ್ತೇನೆ. ಅದು ಸುಳ್ಳಾಗಬಾರದೆಂದು, ಹೊರಡುವ ಮುಂಚೆ ಡ್ರಾಯರ್ ಎಳೆದು ಎಲ್ಲವನ್ನೂ ಒಮ್ಮೆ ನೋಡಿಯೇ ಬರುತ್ತೇನೆ.