ಗೇರಕ್ಕ ಹಾಸುವ ಬಿಳಿ ದುಪ್ಪಟಿ

ಬೆಳಗಿನ ಐದೂಮುಕ್ಕಾಲು. ರಸ್ತೆಯ ದೀಪಗಳು ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಹಿಂದೆ ಒಬ್ಬ ಹೆಂಗಸು ಶೆಡ್ಡಿನ ನೆಲ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅದು ಒಣಗುವವರೆಗೆ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾರೆ. ಆಮೇಲೆ ಒಗೆದು ಮಡಿಸಿಟ್ಟ ಬಿಳಿ ದುಪ್ಪಟಿಯನ್ನು ಕೊಡವಿ, ಮಗುವಿಗೆ ಹಾಸಿಗೆ ಹಾಸುವಷ್ಟು ಜತನದಿಂದ ಸುಕ್ಕಿಲ್ಲದಂತೆ ಹರಡುತ್ತಾರೆ. ಪಕ್ಕದ ಮಣೆಯ ಮೇಲೆ ಕಾದು ಕೂತಿರುವುದು ಮಾತ್ರ ಮಗುವಲ್ಲ. ಮೂವತ್ತೈದು ಕಿಲೋ ತೂಗುವ, ಮೈತುಂಬ ಜಿಡ್ಡು ಮೆತ್ತಿಕೊಂಡ, ಇಪ್ಪತ್ತೆರಡು ವರ್ಷ ಹಳೆಯ ಕಾರೊಂದರ ಗೇರ್‌ಬಾಕ್ಸ್.

ತಳದಲ್ಲಿ ಉಳಿದಿದ್ದ ಎಣ್ಣೆಯ ಹನಿಯನ್ನು ಅವರು ಎರಡು ಬೆರಳ ನಡುವೆ ಉಜ್ಜುತ್ತಾರೆ, ಮೂಸುತ್ತಾರೆ. ಬೆರಳ ತುದಿಯಲ್ಲಿ ಬೆಳ್ಳಿಪುಡಿಯಂಥದ್ದೇನೋ ಮಿನುಗುತ್ತದೆ. "ಹಲ್ಲು ಸವೆಸ್ಕೊಂಡಿದ್ದೀಯಲ್ಲಪ್ಪಾ," ಎಂದು ಗೇರ್‌ಬಾಕ್ಸಿಗೇ ಹೇಳುತ್ತಾರೆ. "ಎಷ್ಟು ದಿನದಿಂದ ನೋವು ನುಂಗ್ಕೊಂಡು ಓಡ್ತಿದ್ಯೋ ಏನೋ."

ಈ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಗೇರಕ್ಕ ಎಂದೇ. ವಯಸ್ಸು ಐವತ್ತನಾಲ್ಕು. ಶೆಡ್ಡು ಅಣ್ಣನದು, ಗೇರ್‌ಬಾಕ್ಸಿನ ಕೆಲಸ ತಂಗಿಯದು. ಹತ್ತೊಂಬತ್ತು ವರ್ಷದ ಹಿಂದೆ ಅವರು ಬಟ್ಟೆ ಹೊಲಿಯುತ್ತಿದ್ದರು. ಹೊಲಿಗೆ ಕಾರ್ಖಾನೆ ಬಾಗಿಲು ಹಾಕಿದಾಗ ಅಣ್ಣ, "ಹದಿನೈದು ದಿನ ಬಂದು ಸಾಮಾನು ತೊಳ್ಕೊಡು," ಎಂದ. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ.

ಕತ್ತರಿಸಿದ ತೋಳು, ಕಾಲರು, ಜೇಬುಗಳನ್ನು ಹೊಲಿಯುವ ಮೊದಲು ವರಸೆಯಾಗಿ ಜೋಡಿಸಿಡುವುದು ಅವರಿಗೆ ರೂಢಿಯಾಗಿತ್ತು. ಗೇರ್‌ಬಾಕ್ಸನ್ನೂ ಹಾಗೇ ಜೋಡಿಸಿಟ್ಟರು. ಮನೆಯಿಂದ ದುಪ್ಪಟಿ ತಂದು, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಟ್ಟರು. "ಹುಚ್ಚಿ, ಗ್ಯಾರೇಜಲ್ಲಿ ಯಾರಿಗೆ ಹಾಸಿಗೆ ಹಾಸ್ತಿದ್ದೀಯೇ?" ಎಂದು ಅಣ್ಣ ನಕ್ಕಿದ್ದ. ಅವನು ಜೋಡಿಸಿದ ಮೇಲೆ ಸದಾ ನಾಲ್ಕು ಬೋಲ್ಟು ಉಳಿಯುತ್ತಿದ್ದವು. ತಂಗಿ ಜೋಡಿಸಿದ ಮೇಲೆ ಒಂದೂ ಉಳಿಯಲಿಲ್ಲ. ಅವತ್ತಿನಿಂದ ಅವನು ನಗುವುದನ್ನು ಬಿಟ್ಟ.

ವಾರಕ್ಕೆ ಎರಡು ಗೇರ್‌ಬಾಕ್ಸ್. ಒಂದೊಂದರಲ್ಲೂ ನೂರಕ್ಕೂ ಮಿಕ್ಕಿ ಬಿಡಿಭಾಗ. ಇದುವರೆಗೆ ಸಾವಿರದೆಂಟುನೂರು ಗೇರ್‌ಬಾಕ್ಸ್ ಬಿಚ್ಚಿರಬಹುದು ಎಂಬುದು ಅಂದಾಜು. ಖಚಿತವಾಗಿ ಅವರೂ ಹೇಳುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆದು ನೆನೆದು ಅಂಗೈ ಬಿರಿದಿದೆ. ಬಗ್ಗಿದ ಬೆನ್ನು ನೆಟ್ಟಗಾಗಲು ಸಂಜೆ ಅರ್ಧ ಗಂಟೆ ಬೇಕು. ಹೊಸಬರು ಯಾರಾದರೂ ಬಂದು, "ಗಂಡಸರು ಯಾರೂ ಇಲ್ವಾ?" ಎಂದು ಕೇಳುವುದು ಈಗಲೂ ತಪ್ಪಿಲ್ಲ.

"ಇದ್ದಾರೆ," ಎನ್ನುತ್ತಾರೆ ಗೇರಕ್ಕ. "ಒಳಗೆ ಟೀ ಕುಡೀತಿದ್ದಾರೆ. ಕರೀಲಾ? ಆಮೇಲೆ ನಾಲ್ಕು ಬೋಲ್ಟ್ ಉಳಿದ್ರೆ ಮಾತ್ರ ನನ್ನ ಕೇಳ್ಬೇಡಿ."

ಗೇರ್‌ಬಾಕ್ಸ್ ಕೆಟ್ಟರೆ ರಿಪೇರಿ ಮಾಡಿಸುವುದೋ, ಕಾರನ್ನೇ ಬಿಟ್ಟು ಬೇರೆ ಕೊಳ್ಳುವುದೋ ಎಂಬ ಪ್ರಶ್ನೆ ಹೊತ್ತು ಜನ ಇಲ್ಲಿಗೆ ಬರುತ್ತಾರೆ. ಗೇರಕ್ಕ ಬಾಯಲ್ಲಿ ಉತ್ತರ ಹೇಳುವುದಿಲ್ಲ. ದುಪ್ಪಟಿಯ ಪಕ್ಕ ಸ್ಟೂಲು ಹಾಕಿ ಮಾಲೀಕರನ್ನು ಕೂರಿಸುತ್ತಾರೆ. "ನಿಮ್ಮ ಗಾಡಿ, ನೀವೇ ನೋಡಿ."

ಇದರ ಹಿಂದೊಂದು ತಪ್ಪಿದೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಮೊದಮೊದಲು, ಮನೆಮನೆಗೆ ಬ್ರೆಡ್ ಹಾಕುವವರೊಬ್ಬರ ವ್ಯಾನಿಗೆ, "ಏನೂ ಆಗಲ್ಲ, ಓಡುತ್ತೆ," ಎಂದು ಮಾತು ಕೊಟ್ಟಿದ್ದರು. ಒಂದು ಬೇರಿಂಗ್ ಮಂಕಾಗಿರುವುದು ಕಂಡಿತ್ತು. ಆದರೂ ಆ ವ್ಯಾನು ಉಳಿಯಲಿ ಎಂಬ ಆಸೆ. ಮೂರೇ ವಾರಕ್ಕೆ ಅದು ನಡುರಸ್ತೆಯಲ್ಲಿ ಬಿಗಿದು ನಿಂತಿತು. ಒಳಗೆ ಆ ಮನುಷ್ಯನ ತಾಯಿ, ಕಣ್ಣಿನ ಆಪರೇಷನ್ನಿಗೆ ಹೊರಟವರು. ಆ ದಿನದ ಆಪರೇಷನ್ ತಪ್ಪಿತು. "ಗಾಡಿ ನೋಡಿ ಹೇಳಿರ್ಲಿಲ್ಲ ನಾನು, ಗಾಡಿ ಮೇಲಿನ ಆಸೆಗೆ ಹೇಳಿದ್ದೆ," ಎನ್ನುವಾಗ ಗೇರಕ್ಕನ ದನಿ ಇಳಿಯುತ್ತದೆ.

ಭಾಗಗಳೆಲ್ಲ ಬಿಚ್ಚಿ ದುಪ್ಪಟಿಗೆ ಬಂದ ಮೇಲೆ, ಒಂಬತ್ತಕ್ಕೆ, ಇಂದಿನ ಗೇರ್‌ಬಾಕ್ಸಿನ ಮಾಲೀಕರು ಆಟೋದಲ್ಲಿ ಬಂದಿಳಿಯುತ್ತಾರೆ. ನಿವೃತ್ತ ಗ್ರಂಥಪಾಲಕರು ಮತ್ತು ಅವರ ಹೆಂಡತಿ. ಹೋದ ವರ್ಷ ಗಂಡನಿಗೆ ಪಾರ್ಶ್ವವಾಯು ಹೊಡೆದು ಎಡಗೈ ಎಡಗಾಲು ಸೋತಿವೆ. ವಾರಕ್ಕೆ ಮೂರು ದಿನ ವ್ಯಾಯಾಮದ ಚಿಕಿತ್ಸೆಗೆ ಹೋಗಲೇಬೇಕು. ನಿಲ್ಲಿಸಿದರೆ ಬಂದಷ್ಟು ಬಲವೂ ಹಿಂದೆ ಸರಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಐವತ್ತೊಂಬತ್ತರಲ್ಲಿ ಕಾರು ಕಲಿತ ಹೆಂಡತಿಯೇ ಈಗ ಡ್ರೈವರು. ಮೊನ್ನೆ ದಾರಿಯಲ್ಲಿ ಗೇರು ಬೀಳದೆ ಕಾರು ನಿಂತಿದೆ.

"ರಿಪೇರಿನೇ... ಮಾಡ್ಬಿಡಮ್ಮ," ಎಂದು ಗಂಡ ನಿಧಾನವಾಗಿ, ಮಾತು ಹುಡುಕುತ್ತ ಹೇಳುತ್ತಾರೆ. "ಅದು ನಮ್ಮ ಮನೆ ಮಗಳಿದ್ದ ಹಾಗೆ."

"ನಿಜವಾದ ಮಗಳು ಬೇರೆ ತಗೊಳ್ಳಿ ಅಂತಿದ್ದಾಳೆ," ಎನ್ನುತ್ತಾರೆ ಹೆಂಡತಿ. "ನನಗೇನು, ಇವರು ಹೇಳಿದ್ದೇ ಸರಿ."

ಗೇರಕ್ಕ ಇಬ್ಬರನ್ನೂ ಕೂರಿಸಿ ಒಂದೊಂದೇ ತೋರಿಸುತ್ತಾರೆ. ಬೇರಿಂಗು ಹೋಗಿದೆ. ಮೂರನೇ ಗೇರಿನ ಹಲ್ಲು ಮೊಂಡಾಗಿದೆ. ಆಮೇಲೆ ಕೈಗೆ ತೆಗೆದುಕೊಳ್ಳುವುದು ಫೋರ್ಕನ್ನು. ಗೇರು ಬದಲಿಸುವಾಗ ಕೈಯ ಬಲವನ್ನು ಒಳಗಿನ ಚಕ್ರಕ್ಕೆ ಮುಟ್ಟಿಸುವ ಕವಲು ಅದು. ಅದರ ಒಂದು ಮಗ್ಗುಲು ಬ್ಲೇಡಿನಷ್ಟು ತೆಳ್ಳಗಾಗಿದೆ.

"ಇದು ವಯಸ್ಸಿಗೆ ಸವೆದಿದ್ದಲ್ಲ. ಗೇರ್ ಮೇಲೆ ಕೈ ಇಟ್ಕೊಂಡೇ ಓಡಿಸೋ ಚಾಳಿ ಯಾರದ್ದು? ಕೈ ಭಾರ ಎಲ್ಲಾ ಇದರ ಮೇಲೇ ಬಿದ್ದಿದೆ, ವರ್ಷಾನುಗಟ್ಟಲೆ."

"ಇವರದ್ದೇ," ಎಂದು ಹೆಂಡತಿ ತಟ್ಟನೆ ಬೊಟ್ಟು ಮಾಡುತ್ತಾರೆ.

ಗಂಡ ಫೋರ್ಕನ್ನೇ ನೋಡುತ್ತಾರೆ. "ಪೂರ್ತಿ ಹೇಳೇ. ನನ್ನ ಕೈ ಮೇಲೆ... ಯಾರ ಕೈ ಇರ್ತಿತ್ತು?"

ಹೆಂಡತಿಯ ಮುಖ ಕೆಂಪಾಗುತ್ತದೆ. ಗೇರಕ್ಕ ನಗು ತಡೆಯಲಾರದೆ ಫೋರ್ಕನ್ನು ದುಪ್ಪಟಿಗೆ ಇಳಿಸುತ್ತಾರೆ. "ಅಲ್ಲಾ ಸ್ವಾಮಿ, ಎರಡು ಕೈ ಭಾರ ಹೊತ್ಕೊಂಡು ಇಪ್ಪತ್ತೊಂದು ವರ್ಷ ಬಾಳಿದೆ, ಇದಕ್ಕೆ ಬೈಯೋ ಹಾಗೂ ಇಲ್ಲವಲ್ಲ!"

ಎಲ್ಲರೂ ನಕ್ಕ ಮೇಲೆ ಗೇರಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಫೋರ್ಕು, ಹಲ್ಲುಚಕ್ರ, ಬೇರಿಂಗು ಸಿಗುತ್ತವೆ, ಹಾಕಿದರೆ ಇನ್ನೂ ನಾಲ್ಕೈದು ವರ್ಷಕ್ಕೆ ಚಿಂತೆಯಿಲ್ಲ. ಗೇರಕ್ಕನಿಗೂ ಮೂರು ದಿನದ ಕೆಲಸ. ಇದೆಲ್ಲ ಹೇಳಿ ಮುಗಿಸಿಬಿಡಬಹುದು. ಆದರೆ ನಿನ್ನೆ, ಎಳೆದು ತಂದ ಕಾರಿನಿಂದ ಇಳಿಯುವಾಗ ಹೆಂಡತಿ ತಮ್ಮ ಎಡ ಮಂಡಿಯನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ ಹೊರಗಿಟ್ಟದ್ದನ್ನು ಅವರು ನೋಡಿದ್ದಾರೆ.

"ಅಕ್ಕಾ, ಗೇರ್‌ಬಾಕ್ಸ್ ರಿಪೇರಿ ಆಗುತ್ತೆ. ನಿಮ್ಮ ಮಂಡಿ?"

"ಅದೇನಿಲ್ಲ ಬಿಡಿ."

"ಗಾಡಿನೂ ಹೀಗೇ ಹೇಳ್ತಿತ್ತು, ನಿಂತುಹೋಗೋವರೆಗೂ."

ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಹೇಳುತ್ತಾರೆ. "ಒಂದಿನ ಎಣಿಸಿದೆ. ಹೋಗಿ ಬರೋದ್ರಲ್ಲಿ ಇನ್ನೂರ ಹನ್ನೆರಡು ಸಲ ಕ್ಲಚ್ ಒತ್ತಿದ್ದೆ. ರಾತ್ರಿ ಕಾಲು ಮಡಿಸಕ್ಕಾಗಲ್ಲ."

"ನನಗ್ಯಾಕೆ... ಹೇಳ್ಲಿಲ್ಲ?" ಎನ್ನುತ್ತಾರೆ ಗಂಡ.

"ನೀವು ಅಷ್ಟು ವರ್ಷ ಒತ್ತಿದ್ರಲ್ಲ. ಒಂದಿನ ಹೇಳಿದ್ರಾ?"

ಗೇರಕ್ಕ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾರೆ. "ಕ್ಲಚ್ ಒತ್ತೋದು, ಗೇರ್ ಹಾಕೋದು ಎರಡೂ ಇಲ್ಲದ ಆಟೊಮ್ಯಾಟಿಕ್ ಗಾಡಿ ತಗೊಳ್ಳಿ. ಹಳೇದಾದ್ರೂ ಪರವಾಗಿಲ್ಲ. ಕೊಳ್ಳೋಕೆ ಮುಂಚೆ ನಾನು ಬಂದು ನೋಡ್ತೀನಿ. ಚಿಕಿತ್ಸೆ ನಿಲ್ಲಬಾರದು ಅಂದ್ರೆ ಓಡಿಸೋರ ಕಾಲು ಮೊದಲು ಉಳೀಬೇಕು."

ಗ್ರಂಥಪಾಲಕರು ದುಪ್ಪಟಿಯ ಆ ತುದಿಯಿಂದ ಈ ತುದಿಯವರೆಗೆ ಮತ್ತೊಮ್ಮೆ ನೋಡುತ್ತಾರೆ. ಕೊನೆಗೆ, ತಕರಾರಿಗೆಂಬಂತೆ, "ಗೇರೇ ಇಲ್ಲದ ಗಾಡೀಲಿ... ಕೈ ಎಲ್ಲಿ ಇಡೋದು?" ಎನ್ನುತ್ತಾರೆ.

"ನನ್ನ ಎಡಗೈ ಖಾಲಿ ಇರುತ್ತಲ್ಲ," ಎನ್ನುತ್ತಾರೆ ಹೆಂಡತಿ. "ನಿಮ್ಮ ಬಲಗೈ ಚೆನ್ನಾಗೇ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಇಡಿ. ಓಡಿಸುವಾಗ ಬೇಡ, ನನಗಿನ್ನೂ ಭಯ."

ಅವರು ಹೊರಟ ಮೇಲೆ ಅಣ್ಣ ಟೀ ಲೋಟ ಹಿಡಿದು ಬರುತ್ತಾನೆ. "ಬಾಗಿಲಿಗೆ ಬಂದ ಕೆಲಸಾನ ಬೀಳ್ಕೊಟ್ಟು ಕಳಿಸಿದ್ಯಲ್ಲೇ ಮಹರಾಯ್ತಿ!"

ಗೇರಕ್ಕ ದುಪ್ಪಟಿಯ ಬಲತುದಿಯಿಂದ ಜೋಡಿಸತೊಡಗುತ್ತಾರೆ. ಕಾರು ಗುಜರಿಗೆ ಹೋದರೂ ಸರಿಯೇ, ಬಿಚ್ಚಿದ್ದನ್ನು ಬಿಚ್ಚಿದ ಹಾಗೇ ಕಳಿಸುವುದು ಅವರಿಂದಾಗದು. ತೆಳುವಾದ ಆ ಫೋರ್ಕನ್ನೂ ಒರೆಸಿ ಅದರ ಜಾಗದಲ್ಲೇ ಕೂರಿಸುತ್ತಾರೆ.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಕೈಯ ಕೆಲಸ ನಿಲ್ಲಿಸದೆಯೇ ನಾಚುತ್ತಾರೆ.

"ಆ ತಾನೇ ಗೇರ್ ಬದಲಿಸ್ಕೊಳ್ಳೋ ಗಾಡಿ ಇದೆಯಲ್ಲ, ಅದರದ್ದು ಒಂದೂ ಬಿಚ್ಚಿಲ್ಲ ನಾನು. ಹೊಟ್ಟೇಲಿ ಏನಿದೆ ಅಂತ ಒಂದು ಸಲ ನೋಡ್ಬೇಕು." ಒಂದು ಕ್ಷಣ ಯೋಚಿಸಿ, ಗಾಬರಿಯಾದವರಂತೆ ತಲೆಯೆತ್ತುತ್ತಾರೆ. "ಆದರೆ ಬೆಳಿಗ್ಗೆ ಬಂದಿದ್ರಲ್ಲ, ಅವರು ತಗೊಳ್ಳೋದಲ್ಲ ಮತ್ತೆ. ಅದು ಕೆಟ್ಟು ಇಲ್ಲಿಗೆ ಬರೋದೇ ಬೇಡ."