ಭಯದ ವಿಳಾಸ ಕೇಳುತ್ತಿದ್ದ ಮೇಷ್ಟ್ರು

ಸಾಹಸ ಕ್ರೀಡೆಯಲ್ಲಿ ಕೌಶಲವೂ ರೋಮಾಂಚನವೂ ಮನಸ್ಸಿನೊಳಗೆ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದನ್ನು ದಾವಣಗೆರೆಯಂಥ ಗಿರಣಿಗಳ ಊರಿನಲ್ಲಿ ಕುಳಿತು, ಕನ್ನಡದಲ್ಲಿಯೇ ಯೋಚಿಸಿ, ಕನ್ನಡದಲ್ಲಿಯೇ ಪಾಠ ಹೇಳಿದವರು ನಮ್ಮ ಪ್ರೊ. ಮುರುಗೇಶಪ್ಪನವರು. ಈ ೧೯೯೯ರ ಮೇ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಮೊದಲು ಶಿಷ್ಯೆಯಾಗಿ, ಆಮೇಲೆ ಅದೇ ಮನೋವಿಜ್ಞಾನ ವಿಭಾಗದ ಸಹೋದ್ಯೋಗಿಯಾಗಿ ಅವರಿಂದ ನನ್ನಷ್ಟು ಬೈಸಿಕೊಂಡವರು ಇನ್ನೊಬ್ಬರಿಲ್ಲವಾದ್ದರಿಂದ ಇಲ್ಲಿ ಬರೆಯುವ ಹಕ್ಕು ನನಗುಂಟು.

ಭಾನುವಾರಗಳಂದು ಅವರು ನಮ್ಮನ್ನು ಕೊಂಡಜ್ಜಿಯ ಬಂಡೆಗಳಿಗೆ ಕರೆದೊಯ್ಯುತ್ತಿದ್ದರು. ಹೆಣ್ಣುಮಕ್ಕಳು ಬಂಡೆ ಹತ್ತುವುದೇ ಎಂದು ನನ್ನ ತಂದೆ ಕಣ್ಣು ಕೆಂಪಗೆ ಮಾಡಿದಾಗ, ಪತ್ನಿ ಬಸವಣ್ಣೆಮ್ಮನವರೊಂದಿಗೆ ಹದಡಿಯ ನಮ್ಮ ಮನೆಗೇ ಬಂದು, ರೊಟ್ಟಿ ಉಂಡು, ಒಪ್ಪಿಸಿ ಹೋದವರು ಅವರು. ಹತ್ತುವ ಮುನ್ನ ಪ್ರತಿಯೊಬ್ಬರೂ ತಮ್ಮ ಭಯ ಮೈಯಲ್ಲಿ ಎಲ್ಲಿದೆ ಎಂದು ಗಟ್ಟಿಯಾಗಿ ಹೇಳಬೇಕೆಂಬುದು ಅವರ ನಿಯಮ. ಮೊದಲ ದಿನ ನಾನು, "ಮೊಣಕಾಲಾಗ ಐತ್ರಿ ಸರ್" ಎಂದೆ. "ಚಲೋ ಆತು. ಅದನ್ನ ಜೊತೀಗೆ ಕರಕೊಂಡು ಹತ್ತು" ಎಂದರು. ಭಯವಿಲ್ಲವೆಂದು ಜಂಬ ಕೊಚ್ಚಿದವರಿಗೆ ಆ ದಿನ ಹಗ್ಗ ಸಿಗುತ್ತಿರಲಿಲ್ಲ. ಕೌಶಲ ಭಯವನ್ನು ಆಗಷ್ಟೇ ಮುಟ್ಟುವ ಜಾಗದಲ್ಲಿ ರೋಮಾಂಚನ ಹುಟ್ಟುತ್ತದೆ, ಭಯವೇ ಸತ್ತಲ್ಲಿ ಕೈಯ ಎಚ್ಚರವೂ ಸಾಯುತ್ತದೆ ಎಂಬುದು ಅವರ ಸಿದ್ಧಾಂತವಾಗಿತ್ತು.

೧೯೯೭ರ ಚಳಿಗಾಲದಲ್ಲಿ ಬಸವಣ್ಣೆಮ್ಮನವರು ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಕೆಲವು ವಾರಗಳ ನಂತರ ಸರ್ ಕೊಂಡಜ್ಜಿಗೆ ಬಂದು, ಎಲ್ಲಕ್ಕಿಂತ ಕಡಿದಾದ ಬಂಡೆಯ ಬುಡದಲ್ಲಿ ಚಪ್ಪಲಿ ಬಿಟ್ಟರು. ಕೆಳಗೆ ನಿಂತು ಹಗ್ಗ ಹಿಡಿಯುವ ಸರದಿ ನನ್ನದು. ರೂಢಿಯಂತೆ ಕೇಳಿದೆ: "ಭಯ ಎಲ್ಲೈತ್ರಿ ಸರ್?"

"ಎಲ್ಲೂ ಇಲ್ಲ. ಹಿಡಿ ಹಗ್ಗ."

ಅಯ್ಯೋ, ಆ ದನಿ! ಬದುಕಿನ ಮೇಲೆ ಆಸೆ ಬಿಟ್ಟವರ ದನಿ ಅದು.

"ಹಂಗಾದ್ರೆ ಇವತ್ತು ಬ್ಯಾಡ್ರಿ ಸರ್."

"ನನಗೇ ಪಾಠ ಹೇಳಾಕ ಬಂದಿಯೇನು?"

"ನೀವು ಕಲಿಸಿದ್ದೇ ರೀ" ಎಂದು ಹಗ್ಗವನ್ನು ಸುತ್ತಿ ಚೀಲಕ್ಕೆ ತುಂಬಿದೆ. ಅವರು ಮುಖ ತಿರುಗಿಸಿ, ಕೊಂಡಜ್ಜಿ ಕೆರೆಯ ಕಡೆ ನೋಡುತ್ತ ಸಂಜೆಯವರೆಗೆ ಒಬ್ಬರೇ ಕುಳಿತಿದ್ದರು.

ಹರಿಹರದ ನಿಲ್ದಾಣದಲ್ಲಿ ನಮ್ಮನ್ನು ದಾವಣಗೆರೆಯ ಬಸ್ಸು ಹತ್ತಿಸಿ, ಅದೇ ಊರಿನ ತಮ್ಮ ಮನೆಗೆ ನಡೆದು ಹೋಗುವುದು ಅವರ ಪದ್ಧತಿ. ಅಂದು ಬೆಂಚಿನಿಂದ ಏಳಲೇ ಇಲ್ಲ. ಉಳಿದವರನ್ನು ಕಳಿಸಿ ಪಕ್ಕದಲ್ಲಿ ಕುಳಿತೆ. ಆಗ ಹೇಳಿದರು: "ಬಂಡೆ ಮ್ಯಾಲೆ ಭಯ ಇಲ್ಲಮ್ಮ ಭಾಗ್ಯ. ಮನಿ ಬೀಗ ತೆಗ್ಯಾಕ ಭಯ ಆಗ್ತೈತೆ."

ಕೀಲಿಕೈ ಇಸಿದುಕೊಂಡು ಅವರೊಂದಿಗೆ ಹೋಗಿ ಬಾಗಿಲು ತೆರೆದೆ, ದೀಪ ಹಾಕಿದೆ, ಚಹಾ ಮಾಡಿದೆ. ಅಲ್ಲಿಂದಾಚೆಗೆ ಪ್ರತಿ ಭಾನುವಾರ ನಮ್ಮಲ್ಲೊಬ್ಬರು ಅವರ ಮನೆಯ ಬೀಗ ತೆಗೆಯುತ್ತಿದ್ದರು. ಮಿಕ್ಕ ದಿನ ಅವರು ಹೇಗೆ ಒಳಗೆ ಹೋಗುತ್ತಿದ್ದರೋ, ಕೇಳುವ ಧೈರ್ಯ ನಮಗಾರಿಗೂ ಬರಲಿಲ್ಲ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೊಂದು ಸಂಜೆ, ಹೊಸ್ತಿಲಲ್ಲಿ ನನ್ನ ಕೈಯಿಂದ ಕೀಲಿ ತೆಗೆದುಕೊಂಡರು. "ಕೈ ನಡುಗ್ತೈತೆ. ಇರ್ಲಿ, ನಾನೇ ತೆಗೀತೀನಿ." ಎರಡು ಸಲ ತಪ್ಪಿ, ಮೂರನೆಯದಕ್ಕೆ ತೆಗೆದರು. ಅವರು ಹತ್ತಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆದರೆ ಅಷ್ಟು ಬೆವರಿದ್ದನ್ನು ಅಂದೇ ಕಂಡದ್ದು.

ಸರ್, ಭಯ, ಕೌಶಲಗಳ ಬಗ್ಗೆ ನೀವು ಬರೆಯುತ್ತಿರುವ ಪುಸ್ತಕ ಇನ್ನೂ ಅರ್ಧಕ್ಕೇ ನಿಂತಿದೆ, ಅದನ್ನು ಮುಗಿಸಿಕೊಡಬೇಕು. ಜೂನ್ ತಿಂಗಳಿನಿಂದ ನೀವು ಬೀಗ ಹಾಕಿಕೊಂಡು ಹೊರಡಲು ಕಾಲೇಜಿರುವುದಿಲ್ಲ, ಇಡೀ ದಿನ ಆ ಮನೆಯಲ್ಲೇ ಇರುತ್ತೀರಿ ಎಂಬುದನ್ನು ನಾವು ಮರೆತಿಲ್ಲ. ನಾವು ಬಂದು ಬಾಗಿಲು ಬಡಿಯುತ್ತಲೇ ಇರುತ್ತೇವೆ. ಒಳಗಿನಿಂದ ಚಿಲಕ ತೆಗೆಯಲು ನೀವು ನೂರು ವರ್ಷ ಇರಬೇಕು.